ಉಭಯ ಕುಶಲೋಪರಿ



ಹಳೆಯ ಕಾಲದ ಕನ್ನಡ ಕಾಗದಗಳನ್ನು ಕಂಡವರಿಗೆ, ಮೇಲ್ಗಡೆ ಶ್ರೀಕಾರವೂ ಅದರ ಕೆಳಗೆ ಊರು ತೇದಿಗಳೂ ಆದಮೇಲೆ, ತೀರ್ಥರೂಪರಿಗೋ ಮಾತೃಶ್ರೀಯವರಿಗೋ ಸಾಷ್ಟಾಂಗ ಪ್ರಣಾಮಗಳನ್ನು ಸಲ್ಲಿಸಿದ ತರುವಾಯ, ತಪ್ಪದೆ ಬರುತ್ತಿದ್ದ ಒಂದು ಒಕ್ಕಣೆ ನೆನಪಿರುತ್ತದೆ: ‘ಉಭಯ ಕುಶಲೋಪರಿ ಸಾಂಪ್ರತ’. ಇತ್ತ ನಾವು ಕ್ಷೇಮ, ಅತ್ತ ನೀವೂ ಕ್ಷೇಮವೆಂದು ನಂಬಿದ್ದೇವೆ, ಇನ್ನು ಮುಂದಿನದು ಈಗಿನ ಸಂಗತಿ ಎಂದು ಅದರ ತಾತ್ಪರ್ಯ. ಅವಸರದವರು ಇದನ್ನು ‘ಉ॥ ಕು॥ ಸಾಂ॥’ ಎಂದು ಮೂರು ತುಂಡಕ್ಷರಗಳಿಗೆ ಇಳಿಸುವುದೂ ಉಂಟಾಗಿತ್ತು. ಮನೆಯ ಹೊಸ್ತಿಲನ್ನು ದಾಟುವಾಗ ಅದನ್ನು ಯಾರೂ ನೋಡಿ ದಾಟುವುದಿಲ್ಲವಷ್ಟೆ. ಹಾಗೆಯೇ ಬರೆಯುವವರೂ ಓದುವವರೂ ಈ ಮಾತನ್ನು ದಾಟಿಹೋಗುತ್ತಿದ್ದರು. ಮಾಗಡಿ ಸೀಮೆಯ ಹಳ್ಳಿಯೊಂದರಲ್ಲಿ ಬಹುಕಾಲ ಉಪಾಧ್ಯಾಯನಾಗಿದ್ದು, ಪಾಠಪ್ರವಚನದ ಜೊತೆಗೆ ಊರಿನವರ ಕಾಗದಗಳನ್ನು ಓದಿ ಬರೆಯುವ ಕಾರ್ಯವನ್ನೂ ನಡೆಸಿಕೊಂಡು ಬಂದ ನಾನು ಅದನ್ನು ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ಅದು ಎಷ್ಟು ಭಾರವಾದ ಮಾತೆಂಬುದು ಮಾತ್ರ, ಮಿಲಿಟ್ರಿಗೆ ಸೇರಿದ ಹುಡುಗರ ಮನೆಯ ಕಾಗದಗಳನ್ನು, ಅದರಲ್ಲಿಯೂ ಅಂತರ್ಯುದ್ಧ ನಡೆಯುತ್ತಿದ್ದ ನಾಡಿಗೆ ಹೋದವನೊಬ್ಬನ ಮನೆಯ ಕಾಗದಗಳನ್ನು ಬರೆಯತೊಡಗಿದಮೇಲೆ ನನಗೆ ತಿಳಿಯಿತು. ಈ ಸಂಜೆ ಅದನ್ನು ಕುರಿತೇ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ನಮ್ಮ ಶಾಲೆಯ ಜಗಲಿಯಲ್ಲಿ ನಿಂತರೆ ಸಾವನದುರ್ಗ ಎದುರಿಗೇ ಕಾಣುತ್ತಿತ್ತು. ಸಮುದ್ರಮಟ್ಟದಿಂದ 1226 ಮೀಟರು ಎತ್ತರಕ್ಕೆ ಏರಿ ನಿಂತ ಆ ಏಕಶಿಲೆಯ ಮಹಾಪರ್ವತವನ್ನು ಕರಿಗುಡ್ಡ, ಬಿಳಿಗುಡ್ಡ ಎಂದು ಎರಡಾಗಿ ಹೇಳುವ ರೂಢಿ ನಮ್ಮ ಕಡೆ ಇದೆ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ. ಸುತ್ತ ಬಿದಿರುಮೆಳೆಗಳ ಕಾಡು. ಆಚೆಗೆ ಅರ್ಕಾವತಿಯ ಹರಿವು. ಮಳೆಗಾಲದಲ್ಲಿ ಬೆಟ್ಟದ ತಲೆಗೆ ಮೋಡ ಕವಿದರೆ ನಮ್ಮ ರೈತರು ಮುಗಿಲನ್ನು ನೋಡದೆಯೇ ಮಳೆಯ ಸುಳುಹು ಹೇಳುವರು. ಊರು ಬಿಟ್ಟು ದೂರ ಹೋದವರ ಕಾಗದಗಳಲ್ಲಿ ಅಪ್ಪ ಅವ್ವಂದಿರ ಕ್ಷೇಮವಾದ ಬಳಿಕ ಬೆಟ್ಟದ ಕ್ಷೇಮವನ್ನು ಕೇಳುವುದು ಒಂದು ಸಂಪ್ರದಾಯವೆಂಬಂತೆ ಆಗಿತ್ತು.

ಅಕ್ಷರ ಬಾರದ ಊರಿನಲ್ಲಿ ಕಾಗದವೆಂಬುದು ಇಬ್ಬರ ನಡುವಿನ ಗುಟ್ಟಾಗಿರಲು ಶಕ್ಯವಿಲ್ಲ. ಟಪಾಲಿನವನು ತಂದುಕೊಡಬೇಕು, ಮೇಷ್ಟ್ರು ಓದಬೇಕು, ಪಕ್ಕದ ಮನೆಯ ಸೊಸೆ ಗೋಡೆಗೊರಗಿ ಕೇಳಬೇಕು, ಕೇಳಿದವರೆಲ್ಲ ‘ನಾನೂ ಕೇಳಿದೆ ಅಂತ ಬರೀರಿ’ ಎಂದು ಹೇಳಿಹೋಗಬೇಕು. ಓದಿಯಾದ ಕಾಗದವನ್ನು ಮನೆಯ ಗೋಡೆಗೆ ತೂಗುಬಿಟ್ಟ ಒಂದು ಕೊಕ್ಕೆತಂತಿಗೆ ಚುಚ್ಚಿಡುವರು. ವರ್ಷಗಳು ಕಳೆದಂತೆ ಆ ತಂತಿ ಮನೆಯ ಚರಿತ್ರೆಯೇ ಆಗಿಬಿಡುವುದು. ಶುಭದ ಕಾಗದವಾದರೆ ನಾಲ್ಕು ಮೂಲೆಗೆ ಅರಿಶಿನ. ಸಾವಿನ ಕಾಗದವಾದರೆ ಓದಿದ ಒಡನೆಯೇ ಹರಿದುಹಾಕಿ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು; ಅದು ತಂತಿಗೆ ಏರುವಂತಿಲ್ಲ. ಇನ್ನೊಂದು ತಂತಿ, ಟೆಲಿಗ್ರಾಂ ಎಂಬುದು, ಬಂತೆಂದರೆ ಸಾಕು, ಒಡೆಯುವುದಕ್ಕೆ ಮೊದಲೇ ಮನೆಯಲ್ಲಿ ಗೋಳು ಏಳುತ್ತಿತ್ತು. 2013ನೆಯ ಇಸವಿಯ ಜುಲೈಯಲ್ಲಿ ಸರ್ಕಾರ ಆ ಸೇವೆಯನ್ನು ನಿಲ್ಲಿಸಿದಾಗ ಪಟ್ಟಣಗಳಲ್ಲಿ ಅನೇಕರು ಮರುಗಿದರು. ನಮ್ಮ ಹಳ್ಳಿಯ ಮುದುಕಿಯರಾರೂ ಮರುಗಿದ್ದನ್ನು ನಾನು ಕಾಣೆ.

ಸೈನಿಕರ ಕಾಗದಗಳನ್ನು ಕುರಿತು ಯೋಚಿಸುವಾಗ ಮೊದಲು ನನ್ನ ಮನಸ್ಸು ಆ ಬೆಟ್ಟದ ಕಡೆಗೇ ಹೋಗುತ್ತದೆ. 1791ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ, ಮೂರನೆಯ ಮೈಸೂರು ಯುದ್ಧದ ಸಂದರ್ಭದಲ್ಲಿ, ಕಾರ್ನ್‌ವಾಲಿಸನ ಸೇನೆ ಈ ಬಿದಿರುಕಾಡನ್ನು ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಎಳೆದು ತಂದು ಕೋಟೆಯ ಗೋಡೆಗೆ ಗುರಿಯಿಟ್ಟಿತು. 21ನೆಯ ತಾರೀಖು ಏರಿ ಹಿಡಿಯಿತು. ಹತ್ತಿದವರ ಕಡೆ ನಷ್ಟವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಟಿಪ್ಪುಸುಲ್ತಾನರ ಕಡೆಯಿಂದ ಕೋಟೆಯನ್ನು ಕಾಯುತ್ತಿದ್ದವರಲ್ಲಿ ಹಲವರು ಕತ್ತಿಗೆ ತುತ್ತಾದರು, ಹಲವರು ಓಡುವಾಗ ಬಂಡೆಯ ಕಡಿದಾದ ಮೈಯಿಂದ ಕೆಳಗೆ ಬಿದ್ದು ಸತ್ತರು. ಆ ಸೇನೆಯ ಸಂಗಡ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ಬೆಟ್ಟದ ಚಿತ್ರ ಬರೆದನು. ಅದು 1794ರಲ್ಲಿ ಅವನ ಮೈಸೂರು ನೋಟಗಳ ಗ್ರಂಥದಲ್ಲಿ ಅಚ್ಚಾಯಿತು.

ಆ ಯುದ್ಧದಲ್ಲಿ ಕಂಪನಿಯ ಸೇನೆಯಲ್ಲಿದ್ದ ತರುಣಾಧಿಕಾರಿಗಳಲ್ಲಿ ಒಬ್ಬನು ತಾಮಸ್ ಮನ್ರೋ. ಮುಂದೆ ಮದರಾಸಿನ ಗವರ್ನರನಾಗಿ, ರಯತವಾರಿಯ ಮನ್ರೋ ಎಂದು ನಮ್ಮವರಿಗೆ ಪರಿಚಿತನಾದವನೇ ಅವನು. ಅವನು ಗ್ಲಾಸ್ಗೋ ನಗರದಲ್ಲಿದ್ದ ತಂದೆತಾಯಿಗಳಿಗೂ ತಂಗಿಗೂ ಬರೆದ ಕಾಗದಗಳು ಅವನ ಮರಣಾನಂತರ, 1830ರಲ್ಲಿ, ಜೀವನಚರಿತ್ರೆಯೊಂದರ ಭಾಗವಾಗಿ ಪ್ರಕಟವಾದವು. ಅವನ ತಂದೆ ಅಮೆರಿಕದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕ. ಅಮೆರಿಕದ ವಸಾಹತುಗಳು ದೊರೆಯ ಮೇಲೆ ತಿರುಗಿಬಿದ್ದಾಗ, ಒಂದೇ ಸಾಮ್ರಾಜ್ಯದ ಪ್ರಜೆಗಳ ನಡುವೆ ನಡೆದ ಆ ಕಾಳಗದಲ್ಲಿ ಅವನ ವ್ಯಾಪಾರ ಮುರಿದುಬಿದ್ದಿತು. ಮಗ ಹೊಟ್ಟೆಪಾಡಿಗಾಗಿ ಹದಿಹರೆಯದ ಹುಡುಗನಾಗಿ ಮದರಾಸಿಗೆ ಹಡಗು ಹತ್ತಿದನು. ಯುದ್ಧಕ್ಕೆ ಒಂದು ವರ್ಷ ಮೊದಲು ತಂಗಿಗೆ ಬರೆದ ಕಾಗದದಲ್ಲಿ, ಇಲ್ಲಿನ ಸೈನಿಕಾಧಿಕಾರಿಗಳ ವೈಭವವನ್ನು ಊರಿನಲ್ಲಿ ಊಹಿಸಿಕೊಂಡು ಕುಳಿತವಳಿಗೆ ಅವನು ತನ್ನ ಮೊದಲ ವರ್ಷಗಳ ಹಾಸಿಗೆಯನ್ನು ವರ್ಣಿಸುತ್ತಾನೆ: ಕಡ್ಡಿಗಳ ಮೇಲೆ ಬಿಗಿದ ಒಂದು ಕಿತ್ತಾನಿನ ತುಂಡು, ತಲೆಗೆ ದಿಂಬೆಂದರೆ ಪುಸ್ತಕವೋ ತೋಟಾಚೀಲವೋ. ಈ ಕಾಗದಗಳು ಆಫ್ರಿಕದ ತುದಿಯನ್ನು ಸುತ್ತಿಕೊಂಡು ಹೋಗಬೇಕಾಗಿದ್ದುದರಿಂದ ಮುಟ್ಟಲು ಅರ್ಧ ವರ್ಷ ಹಿಡಿಯುತ್ತಿತ್ತು. ಮಗ ಕ್ಷೇಮವೆಂದು ತಾಯಿ ಓದಿ ಸಮಾಧಾನಗೊಳ್ಳುವ ಹೊತ್ತಿಗೆ ಆ ಕ್ಷೇಮಕ್ಕೆ ಆರು ತಿಂಗಳ ವಯಸ್ಸಾಗಿರುತ್ತಿತ್ತು.

ಕಂಪನಿಯ ಪಾಳೆಯದಲ್ಲಿದ್ದವನ ದಿಂಬಿನ ವಿಚಾರ ಎರಡು ಶತಮಾನಗಳ ಮೇಲೆ ನಮಗೆ ತಿಳಿದಿದೆ. ಮೇಲೆ ಕೋಟೆಯಲ್ಲಿದ್ದವನ ಹೆಸರೂ ನಮಗೆ ತಿಳಿಯದು. ಸುಲ್ತಾನರ ಪತ್ರಗಳೇನೋ ಉಳಿದಿವೆ. ಪಾರ್ಸಿಯಿಂದ ಇಂಗ್ಲಿಷಿಗೆ ತಿರುಗಿ 1811ರಲ್ಲಿ ಅಚ್ಚೂ ಆದವು. ಚಿಕ್ಕದೇವರಾಜ ಒಡೆಯರ ಕಾಲದಿಂದ ಮೈಸೂರಿನಲ್ಲಿ ಅಂಚೆಯೂ ಇದ್ದಿತು. ಅದು ಹೊತ್ತದ್ದು ಸರ್ಕಾರದ ಕಾಗದಗಳನ್ನು. ಕರಿಗುಡ್ಡದ ಬುರುಜಿನ ಮೇಲೆ ಮಾರ್ಗಶಿರದ ಚಳಿಯಲ್ಲಿ ಕಂಬಳಿ ಹೊದ್ದು ಕೋವಿ ಹಿಡಿದು ನಿಂತವನೊಬ್ಬನಿಗೆ, ಕೆಳಗಿನ ಹಳ್ಳಿಯಲ್ಲಿ ತನ್ನವರ ಒಲೆಯ ಬೆಳಕು ಕಾಣುತ್ತಿದ್ದಿರಬಹುದು. ಒಂದು ಮಾತು ಕಳುಹಿಸಲು ದಾರಿಯಿರಲಿಲ್ಲ. ಇತ್ತ ಹತ್ತಿ ಬಂದವರಾದರೂ ಯಾರು? ಕೆಂಪಂಗಿಯ ಸಿಪಾಯಿಗಳಲ್ಲಿ ಬಹುಮಂದಿ ಕೋರಮಂಡಲ ಕರೆಯ ತಮಿಳರು, ತೆಲುಗರು. ಅದೇ ವರ್ಷದ ಏಪ್ರಿಲಿನಲ್ಲಿ ಪರಶುರಾಮ ಭಾವೂವಿನ ಮರಾಠಾ ದಂಡು ಧಾರವಾಡದ ಕೋಟೆಯನ್ನು ಹಿಡಿದಿತ್ತು. ಆ ದಂಡಿನ ಕೆಳಗೂ ಕನ್ನಡ ನೆಲವಿದ್ದಿತು, ಕನ್ನಡದ ಜನವಿದ್ದಿತು. ಚರಿತ್ರೆಯ ಗ್ರಂಥಗಳು ಇದನ್ನು ಅಂತರ್ಯುದ್ಧವೆಂದು ಕರೆಯುವುದಿಲ್ಲ, ಬಲ್ಲೆ. ಆದರೂ ನೆರೆಹೊರೆಯ ಭಾಷೆಗಳವರು ಹಲವು ಬಾವುಟಗಳಡಿಯಲ್ಲಿ ಹಂಚಿಹೋಗಿ ಒಬ್ಬರನ್ನೊಬ್ಬರು ಇರಿದ ಆ ಹೋರಾಟವನ್ನು ನೆನೆದಾಗ, ಬೇರೆ ಹೆಸರು ನನಗೆ ತೋಚುವುದಿಲ್ಲ.

ಕಾಗದವಿಲ್ಲದ ಕಾಲದಲ್ಲಿ ನಮ್ಮವರು ಕಲ್ಲಿನಲ್ಲಿ ಬರೆದರು. ಕನ್ನಡನಾಡಿನ ಊರೂರಿನ ಹೊರಗೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ನಾನು ಕಾಗದಗಳೆಂದೇ ಓದುತ್ತೇನೆ. ಕೆಳಗಿನ ಪಟ್ಟಿಕೆಯಲ್ಲಿ ಅವನು ಕಾದುತ್ತಾನೆ. ನಡುವಿನದರಲ್ಲಿ ದೇವಕನ್ಯೆಯರು ಅವನನ್ನು ತೋಳುಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಮನೆಯವರಿಗೆ ಬೇಕಾದ ಸುದ್ದಿಯೆಲ್ಲ ಅದರಲ್ಲಿದೆ: ಮಗ ಎಲ್ಲಿದ್ದ, ಹೇಗೆ ಹೋದ, ಈಗ ಎಲ್ಲಿ ಇದ್ದಾನೆ. ಅವನು ಈಗ ಕುಶಲ ಎಂಬುದನ್ನೇ ಆ ಮೇಲಿನ ಪಟ್ಟಿಕೆ ಹೇಳುವುದು.

ಅಂತರ್ಯುದ್ಧದಲ್ಲಿ ಕಾಗದಕ್ಕೆ ಒದಗುವ ಸಂಕಟವೇ ಬೇರೆ. ಹೊರಗಿನ ಶತ್ರುವಿನೊಡನೆ ಯುದ್ಧವಾದಾಗ ಮನೆ ಒಂದು ಕಡೆ, ವೈರಿ ಇನ್ನೊಂದು ಕಡೆ. ಕಾಗದ ಮನೆಯ ಕಡೆಗೆ ನಡೆದರೆ ಆಯಿತು. ಒಂದೇ ನಾಡು ಇಬ್ಬಣವಾದಾಗ ಅಣ್ಣನ ಮನೆ ಗೆರೆಯ ಈಚೆಗೂ ತಂಗಿಯ ಮನೆ ಗೆರೆಯ ಆಚೆಗೂ ಬಿದ್ದಿರುತ್ತದೆ. ಟಪಾಲು ಮೊದಲು ಕಡಿಯುವುದು ಅಲ್ಲಿಯೇ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧವಾದಾಗ ಎರಡು ಪಕ್ಷಗಳ ನಡುವಿನ ಸಾಧಾರಣ ಅಂಚೆ ನಿಂತುಹೋಯಿತು. ಆಗ ವರ್ಜೀನಿಯದ ಕಡಲ ಕೋಟೆಯೊಂದರ ಬಳಿ ಬಿಳಿಯ ಬಾವುಟ ಹಿಡಿದ ದೋಣಿಗಳಲ್ಲಿ ಕಾಗದಗಳನ್ನು ಕೈ ಬದಲಾಯಿಸುವ ಒಂದು ಏರ್ಪಾಡು ಮಾಡಿಕೊಂಡರು. ಕಟ್ಟಳೆಗಳು ಮೂರು: ಲಕೋಟೆ ಅಂಟಿಸಿರಬಾರದು, ಒಂದು ಹಾಳೆಗೆ ಮಿಕ್ಕಿರಬಾರದು, ಮನೆವಾರ್ತೆಯ ಹೊರತು ಬೇರೊಂದು ಮಾತಿರಬಾರದು. ಎರಡನೆಯ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಸಂಸ್ಥೆ ಶತ್ರುದೇಶಗಳಲ್ಲಿ ಸಿಕ್ಕಿಬಿದ್ದ ಬಂಧುಗಳ ನಡುವೆ ಸಾಗಿಸಿದ ಅಚ್ಚಿನ ನಮೂನೆಗಳಲ್ಲಿ ಇಪ್ಪತ್ತೈದು ಪದಗಳಿಗೆ ಮಾತ್ರ ಎಡೆಯಿತ್ತು. ಇಪ್ಪತ್ತೈದು ಪದಗಳಲ್ಲಿ ಮನುಷ್ಯನು ಏನನ್ನು ಬರೆದಾನು? ನಾವು ಕ್ಷೇಮ, ನೀವು ಹೇಗಿದ್ದೀರಿ, ಮಗುವಿಗೆ ಹಲ್ಲು ಬಂದಿದೆ. ದೊಡ್ಡ ದೊಡ್ಡ ಸರ್ಕಾರಗಳು ಯುದ್ಧದ ನಿರ್ಬಂಧದಿಂದ ಬರೆಯಿಸಿದ್ದನ್ನೇ ನಮ್ಮ ಒಕ್ಕಣೆ ಯಾರ ನಿರ್ಬಂಧವೂ ಇಲ್ಲದೆ ಮೊದಲ ಸಾಲಿನಲ್ಲಿ ಬರೆದಿಟ್ಟಿತ್ತು.

ಇಂಥ ಒಡೆದ ನಾಡಿನ ನಡುಗೆರೆಯ ಮೇಲೆ ಹೋಗಿ ನಿಲ್ಲಬೇಕಾದ ಹೊಣೆ ನಮ್ಮ ನಾಡಿನವರಿಗೂ ಒಮ್ಮೆ ಬಂದಿತು. ಕೊರಿಯಾದ ಯುದ್ಧ 1953ರ ಜುಲೈಯಲ್ಲಿ ನಿಂತಾಗ, ಸೆರೆಸಿಕ್ಕವರಲ್ಲಿ ತಮ್ಮ ತಮ್ಮ ಕಡೆಗೆ ಹಿಂದಿರುಗಲು ಒಲ್ಲೆವೆಂದವರು ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿದ್ದರು. ಇವರನ್ನು ತಟಸ್ಥರ ವಶದಲ್ಲಿಟ್ಟು, ಅವರ ಇಚ್ಛೆಯನ್ನು ಕೇಳಿ ತಿಳಿಯಬೇಕೆಂದು ಐದು ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ಭಾರತಕ್ಕೆ ಅದರ ಅಧ್ಯಕ್ಷಸ್ಥಾನ. ಆ ಪೀಠದಲ್ಲಿ ಕುಳಿತವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಕೊಡಗಿನ ಕೊಡಂದೇರ ತಿಮ್ಮಯ್ಯನವರು. ಕಾವಲಿಗೆ ಹೋದ ಭಾರತೀಯ ದಳಕ್ಕಾಗಿ ನಮ್ಮ ಅಂಚೆಚೀಟಿಗಳ ಮೇಲೆ ದೇವನಾಗರಿಯಲ್ಲಿ ಆ ದಳದ ಹೆಸರನ್ನು ಅಚ್ಚೊತ್ತಿ ಕಳುಹಿಸಿದರು. ಚೀಟಿ ಸಂಗ್ರಹಿಸುವವರು ಅದನ್ನು ಈಗಲೂ ಜೋಪಾನ ಮಾಡುತ್ತಾರೆ. ನಮ್ಮ ಜವಾನರ ಕಾಗದಗಳೇನೋ ಆ ಚೀಟಿ ಹೊತ್ತು ಊರು ಸೇರಿದವು. ಅವರು ಕಾಯುತ್ತಿದ್ದ ಮುಳ್ಳುತಂತಿಯ ಒಳಗಿದ್ದವರ ಪಾಡೇ ಬೇರೆ. ಮಗ ತೆಂಕಣದಲ್ಲಿ ಉಳಿಯುತ್ತೇನೆಂದರೆ ಬಡಗಣದಲ್ಲಿದ್ದ ತಾಯಿಗೆ ಇನ್ನು ಒಂದು ಚೀಟಿಯೂ ಇಲ್ಲ. ಬಡಗಣಕ್ಕೆ ಹೋಗುತ್ತೇನೆಂದರೆ ಜೊತೆಯ ಸೆರೆಯವರೇ ಇರಿದುಹಾಕುವ ಭಯ. ಒಬ್ಬೊಬ್ಬನಿಗೂ ಗುಡಾರದಲ್ಲಿ ಒಂದು ಕುರ್ಚಿ ಹಾಕಿ, ಅವನ ದೇಶದವರಿಂದ ಮಾತನಾಡಿಸಿ, ಎಡಬಾಗಿಲಿಗೆ ಹೋಗುವೆಯೋ ಬಲಬಾಗಿಲಿಗೆ ಹೋಗುವೆಯೋ ಎಂದು ಕೇಳಬೇಕಾದ ಆ ಕಾರ್ಯವನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ. ಅಮೆರಿಕದ ಕೆಲವು ಸೈನಿಕರೂ ಹಿಂದಿರುಗಲು ಒಪ್ಪದೆ ಅಲ್ಲಿದ್ದರು. ಅವರಲ್ಲೊಬ್ಬನ ತಾಯಿ ಮಗನನ್ನು ಕಣ್ಣಾರೆ ಕಂಡು ಕರೆತರಬೇಕೆಂದು ಟೋಕಿಯೋ ನಗರದವರೆಗೆ ಬಂದು, ಮುಂದಕ್ಕೆ ಅಪ್ಪಣೆ ದೊರೆಯದೆ, ಅಲ್ಲಿಂದಲೇ ಕಾಗದ ಬರೆದಳು. ಮಗನು ಆಗ ಒಪ್ಪಲಿಲ್ಲ. ಎರಡು ಕಡೆಗೂ ಒಲ್ಲದೆ ಮೂರನೆಯ ದೇಶವನ್ನು ಬೇಡಿದ 88 ಮಂದಿಯನ್ನು ನಮ್ಮ ದಳ 1954ರಲ್ಲಿ ಭಾರತಕ್ಕೆ ಕರೆತಂದಿತು.

ಆ ಗೆರೆಯನ್ನು ದಾಟಿ ಕಾಗದ ಹೋಗಲು ಎಷ್ಟು ಕಾಲ ಬೇಕಾಯಿತು ಬಲ್ಲಿರಾ? 2001ನೆಯ ಇಸವಿಯ ಮಾರ್ಚಿಯಲ್ಲಿ, ರೆಡ್ ಕ್ರಾಸಿನ ಮೂಲಕ, ಉತ್ತರದಿಂದ ಮುನ್ನೂರು, ದಕ್ಷಿಣದಿಂದ ಮುನ್ನೂರು ಕಾಗದಗಳು ಕೈ ಬದಲಾಯಿಸಿದವು. ಐವತ್ತು ವರ್ಷದ ಮೇಲೆ ಆರುನೂರು ಕಾಗದ. ಇದಕ್ಕೆ ಮುಂಚೆ, 1983ರಲ್ಲಿ, ದಕ್ಷಿಣ ಕೊರಿಯದ ಪ್ರಸಾರ ಸಂಸ್ಥೆ ಯುದ್ಧದಲ್ಲಿ ಚದರಿಹೋದ ಕುಟುಂಬಗಳನ್ನು ಕೂಡಿಸಲೆಂದು ದೂರದರ್ಶನದಲ್ಲಿ ನಡೆಸಿದ ನೇರಪ್ರಸಾರ, ನಾಲ್ಕೂವರೆ ತಿಂಗಳ ಅವಧಿಯಲ್ಲಿ, ಒಟ್ಟು 453 ಗಂಟೆಗಳಷ್ಟು ನಡೆಯಿತು; ಹತ್ತು ಸಾವಿರಕ್ಕೂ ಹೆಚ್ಚು ಪುನರ್ಮಿಲನಗಳಾದವು. ಬಾನುಲಿಯ ಮುಂದೆ ಕುಳಿತು ಮಾತನಾಡುವಾಗ ಇದನ್ನು ಹೇಳದಿರಲಾರೆ. ನಮ್ಮ ವಿವಿಧಭಾರತಿಯೂ ‘ಜಯಮಾಲಾ’ ಎಂಬ ಕಾರ್ಯಕ್ರಮದಲ್ಲಿ ಜವಾನರು ಬರೆದು ಕೇಳಿದ ಹಾಡುಗಳನ್ನು ಸಂಜೆಯ ಹೊತ್ತು ಹಾಕುತ್ತಿತ್ತು. ಹಿಂದಿ ಬಾರದ ತಾಯಂದಿರು ಕೂಡ, ಮಗನ ಹೆಸರು ಬಂದೀತೆಂದು, ಪಂಚಾಯಿತಿ ಕಟ್ಟೆಯ ರೇಡಿಯೋದ ಕೆಳಗೆ ಕುಳಿತಿರುತ್ತಿದ್ದುದನ್ನು ಕಂಡಿದ್ದೇನೆ.

ಇನ್ನು ನನ್ನ ಕೈಯ ಕಾಗದಗಳ ವಿಚಾರ.

1987ನೆಯ ಜುಲೈ 29ರಂದು ಕೊಲಂಬೊ ನಗರದಲ್ಲಿ ನಮ್ಮ ಪ್ರಧಾನಿ ರಾಜೀವ ಗಾಂಧಿಯವರೂ ಸಿಂಹಳದ ಅಧ್ಯಕ್ಷ ಜಯವರ್ಧನೆಯವರೂ ಅಲ್ಲಿನ ಅಂತರ್ಯುದ್ಧವನ್ನು ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದ ಮರುದಿನವೇ ಭಾರತದ ಶಾಂತಿಪಾಲನಾ ಪಡೆ ಸಮುದ್ರ ದಾಟಿ ಯಾಳ್ಪಾಣದ, ಎಂದರೆ ಜಾಫ್ನಾದ, ನೆಲಕ್ಕೆ ಇಳಿಯಿತು. ಶಾಂತಿ ಕಾಯಲು ಹೋದವರು ಅಕ್ಟೋಬರ್ ವೇಳೆಗೆ ಯುದ್ಧದಲ್ಲಿಯೇ ಸಿಕ್ಕಿಕೊಂಡರು. 1990ರ ಮಾರ್ಚಿಯಲ್ಲಿ ಕಡೆಯ ತುಕಡಿ ಹಡಗು ಹತ್ತುವಷ್ಟರಲ್ಲಿ ನಮ್ಮವರು ಸಾವಿರಕ್ಕೂ ಮೇಲ್ಪಟ್ಟು ಮಡಿದಿದ್ದರು. ಹೋದವರಲ್ಲಿ ನಮ್ಮ ಊರಿನ ಹುಡುಗನೊಬ್ಬನೂ ಇದ್ದನು. ಅವನು ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಪಡೆಗೆ ಸೇರಿದವನು. ದಾರಿ, ಸೇತುವೆ ಕಟ್ಟುವುದೂ ನೆಲದಲ್ಲಿ ಹೂತ ಸಿಡಿಮದ್ದನ್ನು ತೆಗೆಯುವುದೂ ಅವರ ಕೆಲಸ. ಆ ಪಡೆಯ ಜವಾನನನ್ನು ಸೇನೆಯಲ್ಲೆಲ್ಲ ‘ತಂಬಿ’ ಎಂದು ಕರೆಯುತ್ತಾರೆ. ತಮಿಳಿನಲ್ಲಿ ತಮ್ಮ ಎಂದರ್ಥ. ಅವನು ರಜೆಯಲ್ಲಿ ಬಂದಾಗ ನನಗೆ ಹೇಳಿದ ಒಂದು ಮಾತು ಮರೆಯುವಂತಿಲ್ಲ. ಯಾಳ್ಪಾಣದ ಕಡೆಯ ಹಳ್ಳಿಯೊಂದರಲ್ಲಿ ಮನೆ ಶೋಧಿಸಲು ಹೋದಾಗ, ಬಾಗಿಲಲ್ಲಿ ನಿಂತ ಮುದುಕಿಯೊಬ್ಬಳು ಇವನ ಕೋವಿಯನ್ನು ನೋಡುತ್ತಲೇ ‘ತಂಬಿ’ ಎಂದು ಕರೆದು ನೀರು ಬೇಕೇ ಎಂದು ಕೇಳಿದಳಂತೆ. ‘ನಮ್ ಹವಾಲ್ದಾರ್ರು ಕರೆಯೋ ಹೆಸ್ರೇ ಮೇಷ್ಟ್ರೇ ಅದು. ಗೋಡೆ ಮೇಲೆ ಮುರುಗನ ಪಟ, ಅಂಗ್ಳದಲ್ಲಿ ರಂಗೋಲಿ. ನಮ್ಮನೇಗೆ ನಾನೇ ನುಗ್ದಂಗಾಯ್ತು’ ಎಂದನು. ಈ ಸಂಗತಿಯನ್ನು ಅವನು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ.

ಅವನ ಕಾಗದಗಳು ನೀಲಿಯ ಇನ್‌ಲ್ಯಾಂಡ್ ಹಾಳೆಗಳಲ್ಲಿ ಬರುತ್ತಿದ್ದವು. ಎಲ್ಲಿದ್ದಾನೆಂಬುದು ಅವುಗಳಿಂದ ತಿಳಿಯುವಂತಿರಲಿಲ್ಲ. ಸೇನಾ ಅಂಚೆಯ ವಿಳಾಸವೆಂದರೆ ಒಂದು ನಂಬರು, ಒಂದು ಹೆಸರು, ಒಂದು ತುಕಡಿ, ‘ಮಾರ್ಫತ್ ಎ.ಪಿ.ಓ.’ ಎಂಬ ಕೊನೆಯ ಸಾಲು, ಇಷ್ಟೆ. ಜವಾನನು ಹಿಮದಲ್ಲಿದ್ದರೂ ಮರಳಿನಲ್ಲಿದ್ದರೂ ದ್ವೀಪದಲ್ಲಿದ್ದರೂ ಊರಿನವರ ಪಾಲಿಗೆ ಅವನ ಊರು ಅದೇ. ಅವನ ಅವ್ವ ಅದನ್ನೊಂದು ನಿಜವಾದ ಊರೆಂದೇ ನಂಬಿ, ಅಲ್ಲಿ ಮಳೆ ಹೇಗೆ, ರಾಗಿ ಬೆಳೆಯುತ್ತಾರೆಯೇ ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಅವಳ ಮನೆಯ ಜಗಲಿಯ ಮೇಲೆ ಕುಳಿತು, ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು, ‘ಏನು ಬರೀಲವ್ವ?’ ಎನ್ನುವೆನು. ಅವಳು ಕಂಬಕ್ಕೊರಗಿ ಒಂದು ಗಳಿಗೆ ಸುಮ್ಮನಿದ್ದು ಹೇಳತೊಡಗುವಳು.

‘ಎಲ್ಲಾರೂ ಚೆಂದಾಗವ್ರೆ ಅಂತ ಬರೀರಿ ಸ್ವಾಮಿ. ರಾಗಿ ಕುಯ್ದಾಯ್ತು, ಕಣ ಮಾಡದೊಂದು ಬಾಕಿ ಅದೆ ಅನ್ನಿ. ಕೆಂದಸ ಈದದೆ, ಹೆಣ್ಗರ. ಬೆಟ್ಟ ಅಲ್ಲೇ ಅದೆ ಅನ್ನಿ.’

ಬೆಟ್ಟ ಅಲ್ಲೇ ಇದೆ ಎಂಬುದನ್ನು ಅವಳು ಪ್ರತಿ ಕಾಗದದಲ್ಲಿಯೂ ಬರೆಯಿಸುತ್ತಿದ್ದಳು. ಮೊದಮೊದಲು ಇದು ಮುದುಕಿಯ ಮುಗ್ಧತೆಯೆಂದು ನಾನು ತಿಳಿದಿದ್ದೆನು. ಮಗನೂ ಪ್ರತಿ ಕಾಗದದಲ್ಲಿ ‘ಬೆಟ್ಟಕ್ಕೆ ಮೋಡ ಇಳಿದಿದೆಯೇ’ ಎಂದು ಕೇಳುವುದನ್ನು ಗಮನಿಸಿದಮೇಲೆ, ಅವರಿಬ್ಬರ ನಡುವೆ ಮಾತು ಹೇಗೆ ನಡೆಯುತ್ತಿದೆಯೆಂಬುದು ನನಗೆ ಹೊಳೆಯಿತು.

1988ರ ಆಷಾಢದಲ್ಲಿ ಹುಡುಗನ ತಂದೆಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಮುಂದಿನ ಕಾಗದ ಬರೆಯುವಾಗ ನಾನು ಲೇಖನಿಯನ್ನು ಎತ್ತಿ ಹಿಡಿದು ಅವಳ ಮುಖ ನೋಡಿದೆನು. ‘ಅದ ಬ್ಯಾಡಿ ಸ್ವಾಮಿ’ ಎಂದಳು. ‘ಅಲ್ಲಿ ಮದ್ದಿನ ಮ್ಯಾಲೆ ಕೈ ಇಟ್ಕಂಡ್ ಕುಂತಿರೋನ್ಗೆ ಇದ ಹೇಳುದ್ರೆ ಕೈ ನಡುಗ್ತದೆ.’ ಸತ್ಯವನ್ನೇ ಹೇಳಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಬೋಧಿಸಿದ ನಾನು, ಒಳಗೆ ಆ ಯಜಮಾನನು ನರಳುವುದು ಕಿವಿಗೆ ಬೀಳುತ್ತಿರುವಾಗಲೇ, ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ದುಂಡಾಗಿ ಬರೆದೆನು. ಬರೆದುದಕ್ಕೆ ಆಗಲೂ ಪಶ್ಚಾತ್ತಾಪಪಡಲಿಲ್ಲ, ಈಗಲೂ ಪಡುವುದಿಲ್ಲ. ಒಂದು ಕ್ಷಣ ಕೈ ತಡೆದುದು ಮಾತ್ರ ನಿಜ.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಬಂದ ಕಾಗದವೊಂದನ್ನು ಟಪಾಲಿನವನು ದಾರಿಯಲ್ಲಿಯೇ ನನ್ನ ಕೈಗೆ ಕೊಟ್ಟನು. ಮೇಲಿನ ವಿಳಾಸ ನೋಡಿದವನೇ ನಿಂತುಬಿಟ್ಟೆನು. ಆ ಹುಡುಗನಿಗೆ ಅಕ್ಷರಾಭ್ಯಾಸ ಮಾಡಿಸಿದವನು ನಾನು, ಅವನ ‘ಳ’ಕಾರದ ಬಾಲವನ್ನು ತಿದ್ದಿ ತಿದ್ದಿ ಸೋತವನು ನಾನು, ಆ ಕೈಬರಹ ಅವನದಾಗಿರಲಿಲ್ಲ. ಬಿಡಿಸಿ ಓದಿದೆನು. ‘ಅವ್ವಾ, ನಾ ಆರಾಮ ಅದೇನಿ, ಏನೂ ಚಿಂತಿ ಮಾಡಬ್ಯಾಡ’ ಎಂದು ಮೊದಲಾಗಿತ್ತು. ನಮ್ಮ ಸೀಮೆಯವರ ಬಾಯಲ್ಲಿ ಬರುವ ಮಾತಲ್ಲ ಅದು. ಧಾರವಾಡದ ಕಡೆಯ ಗೆಳೆಯನೊಬ್ಬನು, ಇವನು ಹೇಳಿದ್ದನ್ನು ಕೇಳಿಕೊಂಡು, ತನ್ನ ಮನೆಗೆ ತಾನು ಬರೆಯುವ ಕನ್ನಡದಲ್ಲಿ ಬರೆದಿದ್ದನು. ಮಗನು ತಾನೇ ಬರೆಯಲಾರದ ಸ್ಥಿತಿಯಲ್ಲಿದ್ದಾನೆಂಬುದು ಅಷ್ಟರಿಂದಲೇ ವಿಶದವಾಯಿತು. ನಾನು ಅವಳ ಮನೆಗೆ ಹೋಗಿ, ಧಾರವಾಡದ ಮಾತುಗಳನ್ನು ಒಂದೊಂದಾಗಿ ಮಾಗಡಿಯ ಮಾತಿಗೆ ತಿರುಗಿಸಿಕೊಂಡು, ‘ಅವ್ವ, ನಾನು ಚೆನ್ನಾಗಿವ್ನಿ, ಯೋಚ್ನೆ ಮಾಡ್ಬ್ಯಾಡ’ ಎಂದು ಕಡೆಯವರೆಗೂ ಓದಿದೆನು. ಅವಳು ಕೇಳಿ, ಕಾಗದವನ್ನು ಕೈಗೆ ತೆಗೆದುಕೊಂಡು, ಒಳಕ್ಕೆ ಹೋದಳು.

ಅದಾದ ಒಂದು ವರ್ಷಕ್ಕೆ ಅವನು ಮನೆಗೆ ಬಂದನು. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ತಂದೆ ಜಗಲಿಯ ಮೇಲೆ, ಕಾಲು ನೀಡಿ, ಗೋಡೆಗೊರಗಿ ಕುಳಿತಿದ್ದನು. ಅವನು ತಂದೆಯನ್ನು ನೋಡಿ ಬೆಚ್ಚಲಿಲ್ಲ. ಬಳಿಗೆ ಹೋಗಿ ಎಡಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತನು. ಆಮೇಲೆ ನನಗೆ ಹೇಳಿದನು: ‘ಮುಂಚೆ ಎಲ್ಲಾ ಕಾಗ್ದದಲ್ಲೂ ಅಪ್ಪ ಹೊಲಕ್ಕೋಗವ್ನೆ, ಅಪ್ಪ ಸಂತೆಗೋಗವ್ನೆ ಅಂತ ಇರೋದು. ಒಂದ್ ಕಾಗ್ದದಿಂದ ಈಚ್ಗೆ ಅಪ್ಪ ಎಲ್ಗೂ ಹೋಗ್ಲೇ ಇಲ್ಲ ಮೇಷ್ಟ್ರೇ.’

ಅವ್ವ ಒಳಗಿನಿಂದ ಬಂದಳು. ತಂತಿಯಲ್ಲಿ ಚುಚ್ಚಿದ್ದ ಕಾಗದಗಳ ಕಂತೆ ಅಲ್ಲೇ ಗೋಡೆಯ ಮೇಲೆ ತೂಗುತ್ತಿದ್ದಿತು. ಅವಳ ಕೈಯಲ್ಲಿದ್ದುದು ಅದಲ್ಲ, ರಾಗಿಯ ಗುಡಾಣದೊಳಗೆ ಬೇರೆಯಾಗಿ ಇರಿಸಿದ್ದ ಒಂದೇ ನೀಲಿ ಹಾಳೆ. ಅದಕ್ಕೆ ಅಂಟಿದ್ದ ರಾಗಿಯ ಹುಡಿಯನ್ನು ಸೆರಗಿನಿಂದ ಒರೆಸಿ ನನ್ನ ಮುಂದೆ ಹಿಡಿದಳು.

‘ಬ್ಯಾರೆ ದಿನ ಎಲ್ಲಾ ಕುಂತ್ಕಂಡ್ ಓದೋರು ನೀವು. ಇದೊಂದ ಮಾತ್ರ ನಿಂತ್ಕಂಡ್ ಓದುದ್ರಿ’ ಎಂದಳು. ‘ಈಗ ಮಗ ಬಂದವ್ನೆ. ಇದ್ರಲ್ಲಿ ಇರೋ ಹಂಗೇ ಒಂದ್ಸಲ ಓದಿ ಸ್ವಾಮಿ.’

ನಾನು ಜಗಲಿಯ ಮೇಲೆ ಅವನ ಪಕ್ಕದಲ್ಲಿ ಕುಳಿತು, ಕನ್ನಡಕವನ್ನು ಏರಿಸಿಕೊಂಡು, ‘ಅವ್ವಾ, ನಾ ಆರಾಮ ಅದೇನಿ’ ಎಂದು ಮೊದಲಿನಿಂದ ಓದತೊಡಗಿದೆನು.